ಸ್ಪ್ರಿಂಗಿಗೆ ಎಷ್ಟು ಬಿಗಿ ಬೇಕು?

ಮಕ್ಕಳೇ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಚೀಲ ಹೇರಿಕೊಂಡು ಹೋಗುವ ಬೈಕುಗಳನ್ನು ನೀವು ನೋಡಿರಬಹುದು. ಚೀಲದ ಜೊತೆಗೆ ಹಿಂದೆ ಒಬ್ಬರು ಕುಳಿತರಂತೂ ಬೈಕಿನ ಹಿಂಭಾಗ ತಗ್ಗಿ, ಮುಂಭಾಗ ಮೇಲೇಳುತ್ತದೆ. ಆಗ ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತದೆ? ರಸ್ತೆಯ ಮೇಲಲ್ಲ, ಎದುರು ಬರುವವರ ಕಣ್ಣಿಗೆ! ರಾತ್ರಿ ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಸೇರುವಾಗ ಇದು ಬಹಳ ಅಪಾಯಕಾರಿ. ಇದಕ್ಕೆ ಉಪಾಯ ಬೈಕಿನಲ್ಲೇ ಇದೆ.

ಹಿಂದಿನ ಚಕ್ರದ ಎರಡೂ ಬದಿ ನೋಡಿ. ಹಲವು ಬೈಕುಗಳಲ್ಲಿ ಅಲ್ಲಿ ಒಂದೊಂದು ಕೊಳವೆ, ಅದರ ಸುತ್ತ ಸ್ಪ್ರಿಂಗು ಇರುತ್ತದೆ. ಇವೆರಡರ ಕೆಲಸ ಬೇರೆ ಬೇರೆ.

ಸ್ಪ್ರಿಂಗಿನ ಕೆಲಸ ಭಾರ ಹೊರುವುದು. 10 ಕಿಲೋ ಭಾರಕ್ಕೆ 1 ಸೆಂ.ಮೀ. ಕುಗ್ಗುವ ಸ್ಪ್ರಿಂಗು 40 ಕಿಲೋಗೆ 4 ಸೆಂ.ಮೀ. ಕುಗ್ಗುತ್ತದೆ. ಈ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದನು.

ಆದರೆ ಸ್ಪ್ರಿಂಗಿಗೆ ಒಂದು ಕೆಟ್ಟ ಗುಣವಿದೆ. ಒಮ್ಮೆ ಕುಗ್ಗಿದರೆ ಕುಣಿಯುತ್ತಲೇ ಇರುತ್ತದೆ! ಅದನ್ನು ತಡೆಯುವುದು ಒಳಗಿನ ಕೊಳವೆ. ಅದೇ ಶಾಕ್ ಅಬ್ಸಾರ್ಬರ್. ಅದರೊಳಗೆ ಎಣ್ಣೆಯಿದೆ. ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ನುಸುಳಬೇಕಾದ್ದರಿಂದ ಕುಣಿತದ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ.

ನೀವೇ ಮಾಡಿ ನೋಡಿ: ಹಳೆಯ ಸೈಕಲ್ ಟ್ಯೂಬಿನಿಂದ ಉದ್ದನೆಯ ತೆಳು ಪಟ್ಟಿ ಕತ್ತರಿಸಿಕೊಳ್ಳಿ. ಡಬ್ಬಿಯ ಮುಚ್ಚಳದಲ್ಲಿ ಕಲ್ಲಿಟ್ಟು, ಅದನ್ನು ತಕ್ಕಡಿಯ ತಟ್ಟೆಯಂತೆ ಆ ಪಟ್ಟಿಗೆ ತೂಗುಹಾಕಿ. ಸ್ವಲ್ಪ ಕೆಳಗೆಳೆದು ಬಿಡಿ. ಎಷ್ಟು ಬಾರಿ ಕುಣಿಯಿತು, ಎಣಿಸಿ. ಈಗ ಮುಚ್ಚಳ ಬಕೆಟ್ಟಿನ ನೀರಿನಲ್ಲಿ ಮುಳುಗಿರುವಂತೆ ಮಾಡಿ, ಮತ್ತೆ ಎಳೆದು ಬಿಡಿ. ಕುಣಿತ ಬೇಗ ನಿಂತಿತಲ್ಲವೆ? ಪಟ್ಟಿಯೇ ಸ್ಪ್ರಿಂಗು, ನೀರೇ ಎಣ್ಣೆ.

ಈಗ ಬೈಕಿನ ಉಪಾಯಕ್ಕೆ ಬರೋಣ. ಸ್ಪ್ರಿಂಗಿನ ತುದಿಯಲ್ಲಿ ಮೆಟ್ಟಿಲಿನಂತೆ ಕಚ್ಚುಗಳಿರುವ ಒಂದು ಬಳೆ ಇರುತ್ತದೆ. ಅದನ್ನು ತಿರುಗಿಸಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. ಸ್ಪ್ರಿಂಗು ಅದೇ, 10 ಕಿಲೋಗೆ ಅದೇ 1 ಸೆಂ.ಮೀ. ಬಳೆಯು ಸ್ಪ್ರಿಂಗಿನ ಆಸರೆಯನ್ನು ಸರಿಸುತ್ತದೆ, ಅಷ್ಟೇ. ಇದರಿಂದ ತಗ್ಗಿದ ಹಿಂಭಾಗ ಮೇಲೆ ಬರುತ್ತದೆ, ಬೆಳಕು ಮತ್ತೆ ರಸ್ತೆಗೆ ಬೀಳುತ್ತದೆ. ಆದ್ದರಿಂದ ಬಳೆ ತಿರುಗಿಸಿದ ಮಾತ್ರಕ್ಕೆ ಮಿತಿ ಮೀರಿ ಭಾರ ಹೇರುವಂತಿಲ್ಲ!

ಕಾರುಗಳಲ್ಲೂ ಇಂತಹ ಜೋಡಿ ಉಂಟು. ಕೊಳವೆಯ ಸುತ್ತಲೇ ಸ್ಪ್ರಿಂಗು ಇರುವ, ಹೊಂದಿಸಲು ಬರುವ ಜೋಡಿಗೆ ಕಾಯಿಲ್‌ಓವರ್ ಎನ್ನುತ್ತಾರೆ. ಇವುಗಳಲ್ಲಿ ಮುಖ್ಯವಾಗಿ ಮೂರು ಬಗೆ.

1. ಎತ್ತರ ಮಾತ್ರ ಹೊಂದಿಸುವಂಥದು.
2. ಎಣ್ಣೆಯ ತಡೆಯನ್ನು ಮಾತ್ರ ಹೊಂದಿಸುವಂಥದು.
3. ಎರಡನ್ನೂ ಹೊಂದಿಸುವಂಥದು.

ಯಾವುದು ಒಳ್ಳೆಯದು? ಮೊದಲು ತೊಂದರೆ ಏನೆಂದು ಕೇಳಬೇಕು. ವಾಹನ ತಗ್ಗಿ ಕೂತಿದ್ದರೆ ಎತ್ತರ ಹೊಂದಿಸಬೇಕು. ಉಬ್ಬು ದಾಟಿದ ಮೇಲೂ ಕುಣಿಯುತ್ತಿದ್ದರೆ ಎಣ್ಣೆಯ ತಡೆ ಹೆಚ್ಚಿಸಬೇಕು. ಎಣ್ಣೆಯೇ ಸೋರಿದ್ದರೆ ಏನನ್ನು ತಿರುಗಿಸಿದರೂ ಪ್ರಯೋಜನವಿಲ್ಲ, ದುರಸ್ತಿ ಮಾಡಿಸಬೇಕು ಇಲ್ಲವೆ ಬದಲಿಸಬೇಕು. ರಸ್ತೆಯನ್ನೂ ನೋಡಬೇಕು. ತಗ್ಗಿಸಿದ ಕಾರು ರಾಣೆಬೆನ್ನೂರು–ಹಾವೇರಿ ಹೆದ್ದಾರಿಯ ತಿರುವುಗಳಲ್ಲಿ ಕಡಿಮೆ ವಾಲುತ್ತದೆ. ಆದರೆ ಹಳ್ಳಿಯ ರಸ್ತೆಯ ಉಬ್ಬಿಗೆ ಅದರ ತಳ ತಾಗಬಹುದು. ಎಲ್ಲ ರಸ್ತೆಗೂ ಎಲ್ಲ ಭಾರಕ್ಕೂ ಸರಿಹೊಂದುವ ಒಂದೇ ಹೊಂದಿಕೆ ಇಲ್ಲ.

ಇಂದು ಮನೆಯಲ್ಲಿ ಅಪ್ಪನನ್ನೋ ಅಣ್ಣನನ್ನೋ ಬೈಕು ಹಿಡಿದು ನಿಲ್ಲಲು ಹೇಳಿ. ಸೀಟಿನ ಹಿಂಭಾಗವನ್ನು ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಸರಿ. ಮತ್ತೆ ಮತ್ತೆ ಕುಣಿದರೆ, ಕೊಳವೆಯ ಮೇಲೆ ಎಣ್ಣೆಯ ಜಿಡ್ಡು ಕಂಡರೆ, ಗ್ಯಾರೇಜಿಗೆ ಒಯ್ಯಲು ತಿಳಿಸಿ. ಬಳೆಯನ್ನು ಮಾತ್ರ ನೀವು ತಿರುಗಿಸಬೇಡಿ, ಅದು ದೊಡ್ಡವರ ಕೆಲಸ. ಅವರಿಗೆ ಎರಡು ಮಾತು ನೆನಪಿಸಿ: ಎರಡೂ ಬದಿಯ ಬಳೆಗಳು ಒಂದೇ ಕಚ್ಚಿನಲ್ಲಿರಲಿ; ಚೀಲ ಇಳಿಸಿದ ಮೇಲೆ ಮೊದಲಿನ ಕಚ್ಚಿಗೆ ತರಲಿ.

ಯೋಚಿಸಿ: ಬಳೆಯನ್ನು ಮೊದಲಿನ ಕಚ್ಚಿಗೆ ತರದೆ ಖಾಲಿ ಬೈಕು ಓಡಿಸಿದರೆ ಬೆಳಕು ಎಲ್ಲಿ ಬೀಳುತ್ತದೆ?