ಹಟ್ಟಿ ತೊಳೆದ ನೀರು ಎಲ್ಲಿಗೆ ಹೋಗ್ತದೆ?

ಸೊಪ್ಪಿನ ಹಟ್ಟಿ ಇದ್ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ದನ ಹೊಯ್ದ ಮೂತ್ರವನ್ನೆಲ್ಲ ಸೊಪ್ಪು, ತರಗೆಲೆ ಹೀರಿಕೊಂಡು ಗೊಬ್ಬರವಾಗುತ್ತಿತ್ತು. ಆಮೇಲೆ ಸಿಮೆಂಟು ನೆಲ ಬಂತು, ಪಂಪು-ಪೈಪು ಬಂತು. ಹಟ್ಟಿ ಚೊಕ್ಕವಾಯಿತು, ನಿಜ. ಮೂತ್ರ ಮಾತ್ರ ತೊಳೆದ ನೀರಿನೊಟ್ಟಿಗೆ ಕಣಿ ಹಿಡಿಯಿತು.

ನಾವು ಸೆಗಣಿಗೆ ಕೊಡುವ ಮರ್ಯಾದೆ ಮೂತ್ರಕ್ಕೆ ಕೊಡುವುದಿಲ್ಲ. ಸೆಗಣಿಯಲ್ಲಿ ರಂಜಕ ಹೆಚ್ಚು. ಸಾರಜನಕದ ದೊಡ್ಡ ಪಾಲು, ಪೊಟ್ಯಾಷಿನ ಬಹುಪಾಲು ಇರುವುದು ಮೂತ್ರದಲ್ಲೇ. ಮಿಶ್ರತಳಿಯ ಒಂದು ದನ ದಿನಕ್ಕೆ 10 ಲೀಟರ್ ಮೂತ್ರ ಕೊಡುತ್ತದೆ, ಅದರಲ್ಲಿ ಸಾರಜನಕ ಸುಮಾರು ಶೇ. 1 ಎಂದಿಟ್ಟುಕೊಳ್ಳಿ. ದಿನಕ್ಕೆ 100 ಗ್ರಾಂ, ವರ್ಷಕ್ಕೆ 36 ಕಿಲೋ. ಅರ್ಧ ವಾಸನೆಯಾಗಿ ಹಾರಿಹೋದರೂ 18 ಕಿಲೋ ಉಳಿಯಿತಲ್ಲ? ಯೂರಿಯಾ ಲೆಕ್ಕದಲ್ಲಿ ಹತ್ತಿರ ಹತ್ತಿರ 40 ಕಿಲೋ. ಅಡಿಕೆ ಮರಕ್ಕೆ ವರ್ಷಕ್ಕೆ ಶಿಫಾರಸು 100 ಗ್ರಾಂ ಸಾರಜನಕ. ಅಂದರೆ 180 ಮರದ ಪಾಲು ಒಂದೇ ದನದಿಂದ!

ಕಣಿಗೆ ಹೋದದ್ದು ಅಲ್ಲಿಗೇ ಮುಗಿಯುವುದಿಲ್ಲ. ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ಅದನ್ನು ಮಣ್ಣು ಹಿಡಿದಿಡುವುದಿಲ್ಲ, ನೀರಿನೊಟ್ಟಿಗೆ ಇಳಿಯುತ್ತದೆ. ನಮ್ಮ ಕರಾವಳಿಯ ಮುರಕಲ್ಲಂತೂ ತೂತು ತೂತು. ಹಟ್ಟಿ ಮೇಲೆ, ಬಾವಿ ಕೆಳಗೆ ಇರುವ ಮನೆಗಳೆಷ್ಟಿಲ್ಲ! ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ಮೀರಬಾರದು. ಮೀರಿದರೆ ಪುಟ್ಟ ಶಿಶುಗಳಿಗೆ ಅಪಾಯ. ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದುತ್ತದೆ. ಇದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಪರೀಕ್ಷೆ ಮಾಡಿಸುವುದೊಂದೇ ದಾರಿ. ಸಗಣಿ ನೀರು ಕೆರೆ ಸೇರಿದರೆ ಪಾಚಿ ಕಟ್ಟುವುದನ್ನು ಎಲ್ಲರೂ ಕಂಡಿದ್ದೇವೆ.

"ನಮ್ಮಲ್ಲಿ ಗೋಬರ್ ಗ್ಯಾಸ್ ಉಂಟು, ತೊಂದರೆಯಿಲ್ಲ" ಅನ್ನುವವರಿದ್ದಾರೆ. ಗ್ಯಾಸಾಗಿ ಹೋಗುವುದು ಇಂಗಾಲ ಮಾರಾಯ್ರೆ, ಸಾರಜನಕವೆಲ್ಲ ಸ್ಲರಿಯಲ್ಲೇ ಇರುತ್ತದೆ.

ಮಾಡುವುದೇನು? ಮೊದಲು ನೀರು ಕಡಿಮೆ ಮಾಡಬೇಕು. ಸೆಗಣಿ ಬಾಚಿ ತೆಗೆದು ಆಮೇಲೆ ತೊಳೆದರೆ ಎರಡು ದನಕ್ಕೆ 40 ಲೀಟರ್ ಸಾಕು. ಮೂತ್ರ ಸೇರಿ ದಿನಕ್ಕೆ 60 ಲೀಟರ್. 1000 ಲೀಟರಿನ ಸೋರದ ತೊಟ್ಟಿ 15 ದಿನಕ್ಕೆ ಧಾರಾಳ. ಬಾಯಿ ಮುಚ್ಚಿರಲಿ, ಇಲ್ಲದಿದ್ದರೆ ಸಾರಜನಕ ಗಾಳಿಗೆ ಹೋಗುತ್ತದೆ. ಬಾವಿಯಿಂದ 50 ಅಡಿಯಾದರೂ ದೂರ, ಇಳಿಜಾರಿನ ಕೆಳಬದಿಗೆ ಇದ್ದರೆ ಒಳ್ಳೆಯದು.

ಮರಕ್ಕೆ ಒಂದು ಸಲಕ್ಕೆ 10 ಲೀಟರ್, ಅಷ್ಟೇ ನೀರು ಬೆರೆಸಿ, ವರ್ಷಕ್ಕೆ ನಾಲ್ಕು ಸಲ. ಸಂಜೆ ಹೊತ್ತು ಎರೆದು ಸೊಪ್ಪು ಮುಚ್ಚಿ. ಹೆಚ್ಚಿನ ಕಡೆ ಹಟ್ಟಿ ಪಕ್ಕದ ಇಪ್ಪತ್ತು ಮರಕ್ಕೇ ದಿನಾ ಅಭಿಷೇಕ, ಆಚೆ ಬದಿಯ ಮರಗಳಿಗೆ ಉಪವಾಸ. ಹೆಚ್ಚಾದದ್ದನ್ನು ಮರ ತಿನ್ನುವುದಿಲ್ಲ, ಅದು ಬಾವಿಗೇ. ಒಂದು ಪೈಪು ಹಾಕಿ ಸರದಿ ಮಾಡಿಕೊಳ್ಳಬೇಕು. ಎರೆದಷ್ಟಕ್ಕೆ ತಕ್ಕ ಹಾಗೆ ಅಂಗಡಿ ಗೊಬ್ಬರ ಇಳಿಸದಿದ್ದರೆ ಲಾಭವೆಲ್ಲಿಂದ?

ಮಳೆಗಾಲದ್ದೇ ಪೇಚಾಟ. ಆಟಿಯ ಮಳೆಗೆ ಏನು ಎರೆದರೂ ಹೊಳೆಪಾಲು. ನಾಲ್ಕು ತಿಂಗಳ ನೀರು ಹಿಡಿದಿಡಲು ತೊಟ್ಟಿಯೂ ಸಾಲದು. ಆಗ ಹಳೆಯ ಕ್ರಮವೇ ಸರಿ. ಬೇಸಿಗೆಯಲ್ಲೇ ತರಗೆಲೆ ಒಟ್ಟಿಟ್ಟು, ಹಟ್ಟಿಗೆ ಹಾಸಿ, ನೆಂದದ್ದನ್ನು ಮಾಡಿರುವ ಗುಂಡಿಗೆ ತುಂಬಿಸುವುದು. ಕೆಲಸ ಹೆಚ್ಚು, ಸುಳ್ಳಲ್ಲ. ಆದರೆ ಮಳೆ ಬಿಟ್ಟ ಮೇಲೆ ಸಪ್ಟೆಂಬರ್-ಅಕ್ಟೋಬರದ ಗೊಬ್ಬರ ಅಲ್ಲೇ ತಯಾರಿರುತ್ತದೆ.