ಕೀ ತೆಗೆದರೂ ಖಾಲಿಯಾಗುವ ಬ್ಯಾಟರಿ

ಹದಿನೈದು ದಿನ ಊರಲ್ಲಿದ್ದು ಬಂದವರು ಬೇಸ್‌ಮೆಂಟಿಗೆ ಇಳಿದು ಕೀ ತಿರುಗಿಸುತ್ತಾರೆ. 'ಟಿಕ್ ಟಿಕ್' ಬಿಟ್ಟರೆ ಕಾರಿನದು ಬೇರೆ ಸದ್ದಿಲ್ಲ. 'ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕಿಸಿ' ಎಂಬ ಸಲಹೆ ವಾಚ್‌ಮನ್‌ನಿಂದ ಹಿಡಿದು ಭಾವಮೈದುನನ ತನಕ ಎಲ್ಲರಲ್ಲೂ ಸಿದ್ಧವಾಗಿರುತ್ತದೆ. ಹೊಸದೂ ವಾರದೊಳಗೆ ಕೂತರೆ ಬೈಗುಳ ತಿನ್ನುವವನು ಅಂಗಡಿಯವನು. ಎಷ್ಟೋ ಸಲ ತಪ್ಪು ಬ್ಯಾಟರಿಯದಲ್ಲ, ನಿಂತ ಗಾಡಿಯಲ್ಲೂ ಕರೆಂಟ್ ಎಳೆಯುತ್ತಿರುವ ಇನ್ಯಾವುದರದೋ.

ಕೀ ತೆಗೆದರೆ ಎಲ್ಲವೂ ಬಂದ್ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಹಾಗಿಲ್ಲ. ಗಡಿಯಾರ, ಅಲಾರಂ, ರಿಮೋಟ್ ಲಾಕ್, ಇಂಜಿನ್ ಕಂಪ್ಯೂಟರಿನ ಮೆಮೊರಿ ಸದಾ ಒಂದಿಷ್ಟು ಎಳೆಯುತ್ತವೆ. ಈಗಿನ ಕಾರುಗಳಲ್ಲಿ 20ರಿಂದ 50 ಮಿಲಿಆಂಪಿಯರ್ ಸಹಜ. 50 ಎಂದೇ ಹಿಡಿದರೆ ದಿನಕ್ಕೆ 1.2 ಆಂಪಿಯರ್-ಅವರ್, ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಹದಿನೈದು ದಿನದಲ್ಲಿ ಅರ್ಧ ಇಳಿಯುತ್ತದೆ. ವಯಸ್ಸಾದ ಬ್ಯಾಟರಿ ಮಲಗಲು ಅಷ್ಟೇ ಸಾಕು, ಅಲ್ಲಿ ಹುಡುಕಲು ಕಳ್ಳನೇ ಇಲ್ಲ. ಆದರೆ ಡಿಕ್ಕಿಯಲ್ಲಿ ಆರದೆ ಉಳಿದ 5 ವ್ಯಾಟಿನ ಒಂದು ಬಲ್ಬ್ ದಿನಕ್ಕೆ 10 ಆಂಪಿಯರ್-ಅವರ್ ನುಂಗುತ್ತದೆ. ಅದು ಬೇರೆ ಲೆಕ್ಕ.

'ಟರ್ಮಿನಲ್ ಮುಟ್ಟಿಸಿದಾಗ ಕಿಡಿ ಹಾರಿತು, ಎಲ್ಲೋ ಶಾರ್ಟ್ ಇದೆ' ಎನ್ನುವ ಮೆಕ್ಯಾನಿಕ್‌ಗಳುಂಟು. ಕಾರಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗಳೊಳಗಿನ ಕೆಪಾಸಿಟರ್‌ಗಳು ಒಮ್ಮೆಲೇ ತುಂಬಿಕೊಳ್ಳುವಾಗ ಸಣ್ಣ ಕಿಡಿ ಏಳುವುದು ಸಹಜ. ಬಿಚ್ಚಿದ ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಎಂಬ ಮಾತೂ ಈಗಿನ ಪ್ಲಾಸ್ಟಿಕ್ ಡಬ್ಬಿಗಳಿಗೆ ಸಲ್ಲದು.

ಕಿಡಿಯ ಬದಲು ಮಲ್ಟಿಮೀಟರ್ ನಂಬಬೇಕು. ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿ ತಲೆಗೂ ನಡುವೆ ಮೀಟರ್ ಸೇರಿಸಿದರೆ ಆಯಿತು. ಎಡವುವುದು ಇಲ್ಲಿಂದ ಮುಂದೆ. ಮೊದಲು ಮೀಟರ್ ಆಂಪಿಯರ್‌ಗಟ್ಟಲೆ ತೋರಿಸಬಹುದು. 'ನೋಡಿ, ಎಷ್ಟು ಲೀಕು!' ಎಂದು ಅಷ್ಟಕ್ಕೇ ವೈರಿಂಗ್ ಬಿಚ್ಚಿಸಿಕೊಂಡವರಿದ್ದಾರೆ. ಒಳಗಿನ ಕಂಪ್ಯೂಟರ್‌ಗಳು ಪೂರ್ತಿ ನಿದ್ದೆಗೆ ಜಾರಲು ಇಪ್ಪತ್ತು ನಿಮಿಷದಿಂದ ಮುಕ್ಕಾಲು ಗಂಟೆ ಬೇಕು. ಬಾಗಿಲು ತೆರೆದಿಟ್ಟೇ ನೋಡುವುದಾದರೆ ಅದರ ಲಾಕನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದಂತೆ ಮಾಡಿ, ಸ್ಮಾರ್ಟ್ ಕೀ ಇದ್ದರೆ ದೂರ ಇಟ್ಟು ಬಂದು ಕಾಯಬೇಕು. ಈ ಹೊತ್ತಿನಲ್ಲಿ ಸ್ಟಾರ್ಟ್ ಮಾಡಲು ಹೋದರೆ ಮೀಟರಿನ ಫ್ಯೂಸ್ ಸುಡುತ್ತದೆ.

ಇಷ್ಟಾದ ಮೇಲೂ 200-300 ಮಿಲಿಆಂಪಿಯರ್ ಇದ್ದರೆ ಕಳ್ಳ ಇದ್ದಾನೆ. 'ಒಂದೊಂದೇ ಫ್ಯೂಸ್ ಕಿತ್ತು ನೋಡಿ' ಎಂಬುದು ಹಳೇ ಗಾಡಿಗೆ ಸರಿಯಾದ ಉಪಾಯ. ಈಗಿನವುಗಳಲ್ಲಿ ಕಿತ್ತ ಫ್ಯೂಸ್ ಮತ್ತೆ ಕೂರಿಸಿದರೆ ಮಲಗಿದ್ದ ಕಂಪ್ಯೂಟರ್ ಎದ್ದು ಕೂತು ಲೆಕ್ಕವೆಲ್ಲ ಕೆಡುತ್ತದೆ. ಫ್ಯೂಸಿನ ನೆತ್ತಿಯ ಮೇಲೆ ಎರಡು ಪುಟ್ಟ ಲೋಹದ ಚುಕ್ಕಿಗಳಿರುತ್ತವೆ. ಇನ್ನೊಂದು ಮೀಟರನ್ನು ಮಿಲಿವೋಲ್ಟ್‌ನಲ್ಲಿಟ್ಟು ಎರಡನ್ನೂ ಮುಟ್ಟಿಸಿದರೆ, ಕರೆಂಟ್ ಹರಿಯುವ ಫ್ಯೂಸ್ ಮಾತ್ರ ಏನಾದರೂ ತೋರಿಸುತ್ತದೆ.

ನನ್ನ ಅನುಮಾನ ಮೊದಲು ಹೋಗುವುದು ಹೊರಗೆ ಹಾಕಿಸಿದ ಸಾಮಾನಿನ ಮೇಲೆ: ಪಾರ್ಕಿಂಗ್‌ನಲ್ಲೂ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್, ಒಬಿಡಿ ಪೋರ್ಟಿಗೆ ಸಿಕ್ಕಿಸಿದ ಡಾಂಗಲ್, ನೇರ ಬ್ಯಾಟರಿಗೆ ವೈರ್ ಎಳೆದ ಸ್ಟೀರಿಯೋ. ಯಾವ ಫ್ಯೂಸೂ ಏನೂ ಹೇಳದಿದ್ದರೆ ಆಲ್ಟರ್ನೇಟರ್, ಅಂದರೆ ಗ್ಯಾರೇಜಿನವರ 'ಡೈನಮೋ' ನೋಡಬೇಕು. ಅದರ ಡಯೋಡ್ ಕೆಟ್ಟರೆ ದಪ್ಪ ಕೇಬಲ್‌ನಲ್ಲೇ ಕರೆಂಟ್ ಹಿಮ್ಮುಖವಾಗಿ ಸೋರುತ್ತದೆ.

ಇಂಜಿನ್ ಓಡುವಾಗಲೇ ಟರ್ಮಿನಲ್ ಕಿತ್ತು ಡೈನಮೋ ಪರೀಕ್ಷಿಸುವವರನ್ನು ತಡೆಯಿರಿ. ಆ ಕ್ಷಣ ಏರುವ ವೋಲ್ಟೇಜ್ ಇಂಜಿನ್ ಕಂಪ್ಯೂಟರನ್ನೇ ಸುಡಬಹುದು. ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಬ್ಯಾಟರಿ ತುಂಬುತ್ತದೆ ಎಂಬುದೂ ಭ್ರಮೆ: ಸ್ಟಾರ್ಟಿಗೆ ಖರ್ಚಾದದ್ದು ಮರಳಬಹುದು, ಅರ್ಧ ಇಳಿದ ಬ್ಯಾಟರಿಗೆ ಚಾರ್ಜರ್‌ನಲ್ಲಿ ಗಂಟೆಗಟ್ಟಲೆ ಬೇಕು. ತಿಂಗಳುಗಟ್ಟಲೆ ಹೋಗುವವರು ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟು ಹೋಗಲಿ. ಆಮೇಲೆ ರಿಮೋಟ್ ಕೆಲಸ ಮಾಡುವುದಿಲ್ಲ, ಬಾಗಿಲಿಗೆ ಲೋಹದ ಕೀಯೇ ಗತಿ.