ಹೋಟೆಲಿನ ಸಿಪ್ಪೆ, ಮನೆಯ ಸೊಪ್ಪು

ಮಳೆಗಾಲ ಶುರುವಾಯಿತೆಂದರೆ ಮುಂಬಯಿಯ ಹೋಟೆಲಿನವರಿಗೆ ಕೊತ್ತಂಬರಿ ಸೊಪ್ಪಿನ ಚಿಂತೆ. ನಾಸಿಕ್, ಪುಣೆ ಕಡೆ ಜೋರು ಮಳೆ ಹೊಡೆದರೆ ಇಲ್ಲಿ ಕಟ್ಟಿನ ಬೆಲೆ ಏರುತ್ತದೆ, ತಂದದ್ದರಲ್ಲಿ ಅರ್ಧ ಕೊಳೆತಿರುತ್ತದೆ. ಹಾಗೆಂದು ಉಪ್ಪಿಟ್ಟಿನ ದರ ಏರಿಸಲಾದೀತೇ? ಬೇವಿನ ಸೊಪ್ಪಿಲ್ಲದ ಸಾಂಬಾರನ್ನು ಗಿರಾಕಿಯ ಮುಂದಿಡಲಾದೀತೇ? ಇಂಥ ಚಿಲ್ಲರೆ ಖರ್ಚು ಗಲ್ಲಾದಲ್ಲಿ ಕುಳಿತವರ ಕಣ್ಣಿಗೆ ಬೀಳುವುದಿಲ್ಲ. ತಿಂಗಳ ಕೊನೆಗೆ ಲೆಕ್ಕ ಹಾಕಿದಾಗಲೇ ತಿಳಿಯುವುದು.

ಈ ಖರ್ಚು ಉಳಿಸಲು ಹೊರಟು ನಾವು ಮೊದಲು ದೊಡ್ಡ ಖರ್ಚಿಗೇ ಸಿಕ್ಕಿಬಿದ್ದೆವು. ಊರಿನಲ್ಲಿ ಗದ್ದೆ, ತೋಟ ನೋಡಿ ಬೆಳೆದವರು ನಾವು. ನಮಗೆ ಯಾರು ಹೇಳಿಕೊಡಬೇಕು ಎಂಬ ಧೈರ್ಯ. ಮನೆಯಿರುವ ಕಟ್ಟಡದ ತಾರಸಿಯಲ್ಲಿ ಇಟ್ಟಿಗೆ ಕಟ್ಟಿ, ಕೆಂಪು ಮಣ್ಣು ತರಿಸಿ ಅರ್ಧ ಅಡಿ ಹರಡಿದೆವು. ಬೆಂಡೆ, ಬದನೆ, ಮೆಣಸು ಎಲ್ಲ ಚೆನ್ನಾಗಿಯೇ ಬಂತು. ಜೂನ್ ತಿಂಗಳ ಮೊದಲ ಮಳೆಗೆ ಕೆಳಗಿನ ಮನೆಯ ಮಾವಶಿ ಬಾಗಿಲು ತಟ್ಟಿದರು. “ಅಣ್ಣಾ, ನಿಮ್ಮ ಮೆಣಸಿನ ಗಿಡಕ್ಕೆ ಹಾಕಿದ ನೀರು ನಮ್ಮ ಹಾಸಿಗೆಗೆ ಬರುತ್ತಿದೆ” ಎಂದರು. ಸೊಸೈಟಿಯಿಂದ ನೋಟಿಸು ಬಂತು. ಮಣ್ಣು ಇಳಿಸಿ, ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿಕೊಡುವ ಹೊತ್ತಿಗೆ ಹಲವು ವರ್ಷದ ತರಕಾರಿಯ ದುಡ್ಡು ಹೋಗಿತ್ತು. ಅದಕ್ಕಿಂತ ಹೆಚ್ಚಾಗಿ, ಹಬ್ಬಕ್ಕೆ ಸಿಹಿ ಹಂಚಿಕೊಳ್ಳುತ್ತಿದ್ದ ಮನೆಯವರು ಮಾತು ಬಿಟ್ಟದ್ದು ನಮ್ಮನ್ನು ನೋಯಿಸಿತು.

ತಪ್ಪು ಎಲ್ಲಿ?

ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದ ಪ್ರಕಾರ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಅರ್ಧ ಅಡಿ ಒದ್ದೆ ಮಣ್ಣು ಚದರ ಮೀಟರಿಗೆ 250 ಕಿಲೋ ದಾಟುತ್ತದೆ. ಜೊತೆಗೆ ಮಣ್ಣಿನಡಿಯ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಸ್ಲ್ಯಾಬಿಗೆ ಇಳಿಯುತ್ತದೆ. ಊರಿನ ನೆಲದ ಬುದ್ಧಿ ಪೇಟೆಯ ತಾರಸಿಗೆ ಒಗ್ಗುವುದಿಲ್ಲವೆಂಬುದು ನಮಗೆ ಆಮೇಲೆ ಹೊಳೆಯಿತು.

ದಾರಿ ತೋರಿಸಿದ್ದು ನಮ್ಮದೇ ವೃತ್ತಿಯ ಒಂದು ಅಡುಗೆಮನೆ. ಮುಂಬಯಿ ಪೋರ್ಟ್ ಟ್ರಸ್ಟಿನ ಕೇಂದ್ರ ಅಡುಗೆಮನೆಯ ತಾರಸಿಯಲ್ಲಿ 2002ರಲ್ಲಿ ಅಲ್ಲಿನ ಕ್ಯಾಟರಿಂಗ್ ಅಧಿಕಾರಿ ಪ್ರೀತಿ ಪಾಟೀಲರು ಕೈತೋಟ ಆರಂಭಿಸಿದರು. ಸಾವಿರಾರು ನೌಕರರಿಗೆ ಅಡುಗೆಯಾಗುವಲ್ಲಿ ದಿನವೂ ಬೀಳುವ ಹಸಿಕಸವನ್ನು ಏನು ಮಾಡುವುದೆಂಬ ಪ್ರಶ್ನೆಯೇ ಅದಕ್ಕೆ ಮೂಲ. ಅದಕ್ಕೂ ಮೊದಲೇ ಮುಂಬಯಿಯ ಡಾ. ದೋಶಿಯವರು ಕಬ್ಬಿನ ಸಿಪ್ಪೆ ಮತ್ತು ಅಡುಗೆಮನೆಯ ಕಸವನ್ನೇ ಮುಖ್ಯವಾಗಿ ಬಳಸಿ, ಮಣ್ಣನ್ನು ಸ್ವಲ್ಪವೇ ಹಾಕಿ ತಾರಸಿಯಲ್ಲಿ ಬೆಳೆ ತೆಗೆದಿದ್ದರು. ಇದರ ಸಾರ ಇಷ್ಟೇ: ಪೇಟೆಯ ತೋಟಕ್ಕೆ ಮಣ್ಣಿಗಿಂತ ಗೊಬ್ಬರ ಮುಖ್ಯ.

ಬಂಡವಾಳ ನಮ್ಮಲ್ಲೇ ಇದೆ

ಬೇರೆಯವರು ಹಣ ಕೊಟ್ಟು ತರುವುದನ್ನೆಲ್ಲ ಹೋಟೆಲಿನವರು ದಿನವೂ ಎಸೆಯುತ್ತಾರೆ. ಎಣ್ಣೆಯ 15 ಲೀಟರ್ ಪ್ಲಾಸ್ಟಿಕ್ ಕ್ಯಾನಿನ ಮೇಲ್ಭಾಗ ಕತ್ತರಿಸಿ, ಸೋಪು ಹಾಕಿ ತೊಳೆದು, ತಳದಲ್ಲಿ ನಾಲ್ಕೈದು ತೂತು ಮಾಡಿದರೆ ಕುಂಡ ಸಿದ್ಧ. ತಗಡಿನ ಡಬ್ಬವಾದರೆ ತುಕ್ಕು ಹಿಡಿಯುತ್ತದೆ, ಅಂಚು ಕೈ ಕೊಯ್ಯುತ್ತದೆ. ಕುಂಡವನ್ನು ಇಟ್ಟಿಗೆಯ ಮೇಲಿಟ್ಟರೆ ಕೆಳಗೆ ಗಾಳಿಯಾಡಿ ಸ್ಲ್ಯಾಬು ಒಣಗುತ್ತದೆ.

ಗೊಬ್ಬರಕ್ಕೆ ತರಕಾರಿ ಸಿಪ್ಪೆಯನ್ನೂ ತೊಳೆದು ಹಿಂಡಿದ ಚಹಾಪುಡಿಯನ್ನೂ ತರಗೆಲೆಯೊಂದಿಗೆ ಪದರ ಪದರವಾಗಿ ತೂತಿರುವ ಡ್ರಮ್ಮಿಗೆ ಹಾಕಿ, ವಾರಕ್ಕೊಮ್ಮೆ ಮಗುಚಬೇಕು. ಎರಡು-ಮೂರು ತಿಂಗಳಲ್ಲಿ ಕಪ್ಪಗೆ, ಮಣ್ಣಿನ ವಾಸನೆಯ ಗೊಬ್ಬರವಾಗುತ್ತದೆ. ತಟ್ಟೆಯಲ್ಲಿ ಉಳಿದ ಅನ್ನ, ಸಾಂಬಾರು, ಚಟ್ನಿ ಮಾತ್ರ ಬೇಡ. ಉಪ್ಪು ಬೇರನ್ನು ಸುಡುತ್ತದೆ, ಎಣ್ಣೆಗೆ ಇಲಿ ಬರುತ್ತದೆ. ಹೇಗೂ 2016ರ ಘನತ್ಯಾಜ್ಯ ನಿಯಮಗಳು ಬಂದ ಮೇಲೆ ಹಸಿಕಸ, ಒಣಕಸ ಬೇರ್ಪಡಿಸುವುದು ಕಡ್ಡಾಯವೇ. ಬೇರ್ಪಡಿಸಿದ್ದರಲ್ಲಿ ಒಂದು ಬಾಲ್ದಿ ಮನೆಗೆ ಬರಲಿ. ಅಕ್ಕಿ ತೊಳೆದ ನೀರನ್ನೂ ಗಿಡಕ್ಕೆ ಹಾಕಬಹುದು.

ಏನು ಬೆಳೆಯಬೇಕು?

ಈರುಳ್ಳಿ, ಬಟಾಟೆ, ಟೊಮೆಟೊ ಬೆಳೆದು ಹೋಟೆಲು ನಡೆಸುತ್ತೇವೆಂದು ಯಾರೂ ಹೊರಡಬೇಡಿ. ಅದು ತಾರಸಿಯ ಕೆಲಸವಲ್ಲ. ಸ್ವಲ್ಪವೇ ಬೇಕಾಗುವ, ಬೇಗ ಬಾಡುವ, ಕಟ್ಟುಗಟ್ಟಲೆ ಕೊಂಡು ಅರ್ಧ ಎಸೆಯುವ ವಸ್ತುಗಳನ್ನು ಆರಿಸಿಕೊಳ್ಳಬೇಕು.

ಕೊತ್ತಂಬರಿ: ಹುರಿಯದ ಹೊಸ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಬೇಕು. ಸುಮಾರು 40 ದಿನಕ್ಕೆ ಕೊಯ್ಲು. ಪ್ರತಿ ವಾರ ಒಂದೊಂದು ಕ್ಯಾನಿಗೆ ಬಿತ್ತಿದರೆ ಸೊಪ್ಪು ತಪ್ಪುವುದಿಲ್ಲ. ಮಳೆಗಾಲದಲ್ಲಿ ಛಜ್ಜಾದ ಕೆಳಗಿಡದಿದ್ದರೆ ಇದೂ ಕೊಳೆಯುತ್ತದೆ.

ಪುದೀನ, ಮಜ್ಜಿಗೆಹುಲ್ಲು: ಮಾರುಕಟ್ಟೆಯ ಕಟ್ಟಿನಿಂದ ದಪ್ಪ ಪುದೀನ ಕಡ್ಡಿಗಳನ್ನು ನೀರಿನಲ್ಲಿಟ್ಟರೆ ವಾರದಲ್ಲಿ ಬೇರು ಬಿಡುತ್ತವೆ. ಇಲ್ಲಿಯವರು ಗವತಿ ಚಹಾ ಎನ್ನುವ ಮಜ್ಜಿಗೆಹುಲ್ಲಿನ ಒಂದು ಬುಡ ನೆಟ್ಟರೆ ವರ್ಷಗಟ್ಟಲೆ ಚಹಾಕ್ಕೆ ಸಾಕು.

ಕರಿಬೇವು: ದೊಡ್ಡ ಡ್ರಮ್ಮು ಬೇಕು. ಮೊದಲ ವರ್ಷ ಎಲೆ ಕೀಳದೆ ತುದಿ ಮಾತ್ರ ಚಿವುಟಿದರೆ ಕವಲೊಡೆಯುತ್ತದೆ. ಹುಳಿ ಮಜ್ಜಿಗೆಗೆ ನೀರು ಬೆರೆಸಿ ಹಾಕುವುದು ಹಿರಿಯರ ಕ್ರಮ.

ಹಸಿಮೆಣಸು, ಬಸಳೆ: ಮೆಣಸಿನ ಎಲೆ ಮುರುಟತೊಡಗಿದರೆ ಬೇವಿನೆಣ್ಣೆಗೆ ತುಸು ಸೋಪಿನ ನೀರು ಬೆರೆಸಿ ಎಲೆಯಡಿಗೆ ಸಿಂಪಡಿಸಿ. ಬಸಳೆಯ ಒಂದು ತುಂಡು ದಂಟು ನೆಟ್ಟರೆ ಕಿಟಕಿಯ ಗ್ರಿಲ್ಲು ತುಂಬುತ್ತದೆ.

ದೆಹಲಿಯ ಚಳಿಗೆ ಕರಿಬೇವು ಚಿಗುರುವುದಿಲ್ಲ, ಆದರೆ ಕೊತ್ತಂಬರಿ, ಮೆಂತ್ಯ ಸೊಗಸಾಗಿ ಬರುತ್ತವೆ. ಚೆನ್ನೈ, ಹೈದರಾಬಾದಿನ ಬೇಸಿಗೆಯಲ್ಲಿ ಕೊತ್ತಂಬರಿ ಬೇಗ ಹೂ ಬಿಡುತ್ತದೆ, ಹಸಿರು ಬಲೆಯ ನೆರಳು ಕಟ್ಟಬೇಕು. ಎಲ್ಲಿದ್ದರೂ ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಡೆಂಗ್ಯೂ ಸೊಳ್ಳೆ ಬೆಳೆಯುವುದು ಅಲ್ಲೇ.

ಮೊದಲು ಸೊಸೈಟಿಯ ಅನುಮತಿ ಲಿಖಿತವಾಗಿ ಪಡೆಯಿರಿ. ಐದು ಕ್ಯಾನಿನಿಂದ ಆರಂಭಿಸಿ. ನಾವೂ ಎರಡನೆಯ ಸಲ ಹಾಗೆಯೇ ಮಾಡಿದೆವು. ಹೋಟೆಲಿಗೆ ಸೊಪ್ಪು ಕೊಳ್ಳುವುದು ಪೂರ್ತಿ ನಿಂತಿಲ್ಲ. ಆದರೆ ಬೆಲೆ ಏರಿದ ವಾರಗಳಲ್ಲಿ ಒಗ್ಗರಣೆಗೂ ಮೇಲೆ ಉದುರಿಸುವುದಕ್ಕೂ ಪರದಾಟವಿಲ್ಲ. ಮೊದಲ ಪುದೀನ ಕೊಯ್ದ ದಿನ ಒಂದು ಹಿಡಿ ಕೆಳಗಿನ ಮನೆಗೆ ಕೊಟ್ಟೆವು. ಮಾವಶಿ ಮೊದಲು ಮೇಲಿನ ಸ್ಲ್ಯಾಬು ನೋಡಿದರು, ಆಮೇಲೆ ಪುದೀನ ತೆಗೆದುಕೊಂಡರು. ಈಗ ನಾವು ಊರಿಗೆ ಹೋದಾಗ ಗಿಡಗಳಿಗೆ ನೀರು ಹಾಕುವುದು ಅವರೇ.